ತೋಳಿನ ಒಳಬದಿ ಒಮ್ಮೆ ನೋಡಿಕೊಳ್ಳಿ, ಅಕ್ಕೋರೇ

ಪ್ರಶ್ನೆ: ನನಗೆ 56 ವರ್ಷ. ಕಾರವಾರದ ಹತ್ತಿರ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಇಪ್ಪತ್ತು ವರ್ಷದಿಂದ ಸ್ಕೂಟಿಯಲ್ಲೇ ಓಡಾಟ. ಮುಟ್ಟು ನಿಂತು ಮೂರು ವರ್ಷವಾಯಿತು. ಅಲ್ಲಿಂದ ಮೈಯೆಲ್ಲ ಒಣಗಿ ತುರಿಕೆ. ಮೊಣಕಾಲಿನ ಕೆಳಗೆ ಸಣ್ಣ ಬಿಳಿ ಚುಕ್ಕೆಗಳು ಬಂದಿವೆ, ತೊನ್ನು ಇರಬಹುದೇ ಎಂದು ಭಯ. ಕೆನ್ನೆಯ ಮೇಲೆ ಬಂಗು, ಜೊತೆಗೆ ಚಿಕ್ಕ ಕಪ್ಪು ಗುಳ್ಳೆಗಳು. ಪರಿಚಯದವರು ಹೇಳಿದ ಕ್ರೀಮನ್ನು ಎಂಟು ತಿಂಗಳು ಹಚ್ಚಿದೆ. ಮೊದಲು ಮುಖ ಬೆಳ್ಳಗಾಯಿತು, ಈಗ ಬಿಸಿಲಿಗೆ ಹೋದರೆ ಉರಿ. ಮಗಳು ಬೆಂಗಳೂರಿನಿಂದ ಐದು ಬಾಟಲಿ ಸೀರಮ್ ಕಳಿಸಿದ್ದಾಳೆ. ಶಿರಸಿ ಕಡೆ ಇರುವ ಆಯಿಗೆ, ಅಂದರೆ ಅಮ್ಮನಿಗೆ, 82. ಕೈ ಹಿಡಿದು ಎಬ್ಬಿಸಿದರೂ ನೀಲಿಗಟ್ಟುತ್ತದೆ, ಎರಡು ಸಲ ಚರ್ಮವೇ ಕಿತ್ತು ಬಂದಿದೆ. ಅವಳ ಅಂಗಾಲಿನಲ್ಲಿ ಒಂದು ಕಪ್ಪು ಕಲೆಯೂ ಇದೆ, ವರ್ಷದಿಂದ ಸ್ವಲ್ಪ ದೊಡ್ಡದಾಗಿದೆ. ಮುಳ್ಳು ಚುಚ್ಚಿದ್ದಿರಬೇಕು. ವಯಸ್ಸಾದ ಮೇಲೆ ಚರ್ಮ ಹೀಗೆಯೇ ಆಗುವುದೇ? ಏನು ಮಾಡಬೇಕು?

ಉತ್ತರ: ಅಕ್ಕೋರೇ, ನೀವು ಕೊನೆಗೆ ಸುಮ್ನೆ ಸೇರಿಸಿದ ಸಾಲಿಗೇ ಮೊದಲು ಉತ್ತರ ಕೊಡುತ್ತೇನೆ. ಆಯಿಯ ಅಂಗಾಲನ್ನು ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ. ಶಿರಸಿಯಲ್ಲಾದರೂ ಸರಿ, ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಾದರೂ ಸರಿ. ಅದು ಹಳೇ ಮುಳ್ಳಿನ ಗುರುತೇ ಇರಬಹುದು. ಒಳಗೆ ಹೆಪ್ಪುಗಟ್ಟಿದ ರಕ್ತ ಇರಬಹುದು. ಆದರೆ ಮುಳ್ಳಿನ ಕಲೆ ವರ್ಷವಿಡೀ ಬೆಳೆಯುತ್ತಾ ಹೋಗುವುದಿಲ್ಲ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಅಪರೂಪ. ಬಂದರೆ ಮಾತ್ರ ಹೆಚ್ಚಾಗಿ ಅಂಗಾಲು, ಅಂಗೈ ಅಥವಾ ಉಗುರಿನ ಕೆಳಗೇ ಬರುತ್ತದೆ. 1981ರಲ್ಲಿ ತೀರಿಕೊಂಡ ಹಾಡುಗಾರ ಬಾಬ್ ಮಾರ್ಲಿಗೂ ಅದು ಶುರುವಾಗಿದ್ದು ಕಾಲ್ಬೆರಳಿನ ಉಗುರಿನ ಕೆಳಗೆ. ಬೇಗ ಗೊತ್ತಾದರೆ ಆ ಜಾಗವನ್ನು ಕತ್ತರಿಸಿ ತೆಗೆದು ಗುಣಪಡಿಸಬಹುದು. ಡಾಕ್ಟರು ದೀಪವಿರುವ ಸಣ್ಣ ಭೂತಗನ್ನಡಿ ಹಿಡಿದು ನೋಡುತ್ತಾರೆ, ಅನುಮಾನ ಬಂದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅಲ್ಲಿಯವರೆಗೆ ಯಾರೂ ಅದನ್ನು ಆಣಿ ಅಂದುಕೊಂಡು ಬ್ಲೇಡಿನಿಂದ ಕೆತ್ತಬಾರದು. ಇದೊಂದು ಮುಗಿಸಿ ಬನ್ನಿ, ಉಳಿದದ್ದು ನಿಧಾನವಾಗಿ ಮಾತಾಡೋಣ.

ಈಗ ನಿಮ್ಮ ದೊಡ್ಡ ಪ್ರಶ್ನೆ. ವಯಸ್ಸಾದ ಮೇಲೆ ಚರ್ಮ ಹೀಗೆಯೇ ಆಗುವುದೇ?

ಒಂದು ಕೆಲಸ ಮಾಡಿ. ಕಿಟಕಿ ಹತ್ತಿರ ಬೆಳಕಿಗೆ ನಿಂತು ರವಿಕೆಯ ತೋಳು ಮೇಲಕ್ಕೆ ಸರಿಸಿ. ಕಂಕುಳಿಗೆ ಹತ್ತಿರ, ತೋಳಿನ ಒಳಬದಿ ನೋಡಿ. ಪಕ್ಕದಲ್ಲೇ ನಿಮ್ಮ ಮುಂಗೈ ಇಟ್ಟುಕೊಳ್ಳಿ, ಸ್ಕೂಟಿಯ ಹ್ಯಾಂಡಲ್ ಹಿಡಿಯುವ ಆ ಕೈ. ಒಂದು ಕಡೆ ನುಣುಪು, ಒಂದೇ ಬಣ್ಣ, ಸಣ್ಣ ಸಣ್ಣ ಗೆರೆ. ಇನ್ನೊಂದು ಕಡೆ ಒರಟು, ಅಲ್ಲಲ್ಲಿ ಕಂದು ಚುಕ್ಕೆ, ಗಂಟಿನ ಹತ್ತಿರ ಸುಕ್ಕು. ಎರಡಕ್ಕೂ 56 ವರ್ಷವೇ ಅಲ್ವಾ? ತೋಳಿನ ಒಳಬದಿಯಲ್ಲಿ ಕಾಣುವುದು ವಯಸ್ಸು. ಮುಂಗೈಯಲ್ಲಿ ಅದಕ್ಕಿಂತ ಜಾಸ್ತಿ ಏನು ಕಾಣುತ್ತದೋ ಅದಷ್ಟೂ ಬಿಸಿಲು.

ನನ್ನ ಹತ್ತಿರ ಬರುವ ಲಾರಿ ಡ್ರೈವರುಗಳ ಬಲಗೈ ಎಡಗೈಗಿಂತ ಹತ್ತು ವರ್ಷ ಹಿರಿದು ಕಾಣುತ್ತದೆ. ಹೆದ್ದಾರಿ 66ರಲ್ಲಿ ದಿನವಿಡೀ ಕಿಟಕಿಯ ಮೇಲೆ ಬಲಗೈ ಇಟ್ಟುಕೊಂಡು ಹೋಗುವವರು ಅವರು. ಅಮೆರಿಕದಲ್ಲಿ ಸ್ಟಿಯರಿಂಗ್ ಎಡಕ್ಕಿರುತ್ತದೆ, ಅಲ್ಲಿ ಎಡಗಡೆ ಹಾಗಾಗುತ್ತದೆ. 28 ವರ್ಷ ಲಾರಿ ಓಡಿಸಿದ 69 ವರ್ಷದ ಒಬ್ಬನ ಫೋಟೋ 2012ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಮುಖದ ಎಡಭಾಗ ಪೂರ್ತಿ ಜೋತುಬಿದ್ದು ಉಳುಮೆ ಮಾಡಿದ ಗದ್ದೆಯ ಹಾಗಿತ್ತು, ಬಲಭಾಗ ಸುಮಾರಾಗಿತ್ತು. ಗಾಜು ಏರಿಸಿದ್ದರೂ ಇದು ತಪ್ಪುವುದಿಲ್ಲ. ಬಿಸಿಲಿನಲ್ಲಿ ನಮ್ಮನ್ನು ಕಾಡುವ ಕಿರಣ ಎರಡು ಬಗೆ. ಚರ್ಮ ಸುಡುವುದು ಯುವಿ-ಬಿ, ಅದನ್ನು ಗಾಜು ತಡೆಯುತ್ತದೆ. ಆಳಕ್ಕಿಳಿದು ಸುಕ್ಕು ತರುವ ಯುವಿ-ಎ ಮಾಮೂಲಿ ಗಾಜನ್ನು ದಾಟಿ ಒಳಗೆ ಬರುತ್ತದೆ, ತೆಳು ಮೋಡವನ್ನೂ ದಾಟುತ್ತದೆ.

ಅದು ಒಳಗೆ ಹಾಳು ಮಾಡುವುದೇನನ್ನು? ಚರ್ಮದ ಆಳದಲ್ಲಿ ಕೊಲಾಜೆನ್ ಎಂಬ ನಾರು ಇದೆ. ಕತ್ತದ ಹಗ್ಗದಂತೆ ಹೆಣೆದುಕೊಂಡು ಚರ್ಮವನ್ನು ಬಿಗಿಯಾಗಿ ಹಿಡಿದಿರುತ್ತದೆ. ಎಳೆದು ಬಿಟ್ಟರೆ ವಾಪಸ್ ಹೋಗುವ ಇಲಾಸ್ಟಿನ್ ಇನ್ನೊಂದು ನಾರು. ಅದರ ಕಥೆ ಹಳೇ ಲಂಗದ ಇಲಾಸ್ಟಿಕ್ಕಿನ ಕಥೆಯೇ. ಕೊಲಾಜೆನ್ ಇಪ್ಪತ್ತರ ವಯಸ್ಸು ಕಳೆದ ಮೇಲೆ ವರ್ಷಕ್ಕೆ ಸುಮಾರು 1%ನಷ್ಟು ಕಡಿಮೆಯಾಗುತ್ತಾ ಬರುತ್ತದೆ. ಬಿಸಿಲು, ಬೀಡಿ ಸಿಗರೇಟು ಈ ಲೆಕ್ಕವನ್ನು ಬೇಗ ಓಡಿಸುತ್ತವೆ. ಹೆಂಗಸರಿಗೆ ಇನ್ನೂ ಒಂದು ಪೆಟ್ಟು ಇದೆ. ಮುಟ್ಟು ನಿಂತ ಮೊದಲ ಐದು ವರ್ಷದಲ್ಲೇ ಚರ್ಮದ ಕೊಲಾಜೆನ್ ಸುಮಾರು 30% ಹೋಗುತ್ತದೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಕಡಿಮೆಯಾಗುವುದೇ ಕಾರಣ. ‘ಮೂರು ವರ್ಷದಲ್ಲಿ ಏನಾಯ್ತೋ ಏನೋ’ ಅಂತ ನೀವು ಅಂದುಕೊಂಡಿದ್ದರೆ, ಆಗಿದ್ದು ಇದು. ನೀವೇನೂ ತಪ್ಪು ಮಾಡಿಲ್ಲ.

ಇನ್ನು ತುರಿಕೆ. ಕಾರವಾರದಂಥ ಬೆವರು ಸುರಿಯುವ ಊರಲ್ಲಿ ಚರ್ಮ ಒಣಗುವುದು ಹೇಗೆ ಅಂತ ಎಷ್ಟೋ ಜನ ಕೇಳುತ್ತಾರೆ. ಹೊರಗೆ ಎಷ್ಟೇ ತೇವವಿದ್ದರೂ, ಚರ್ಮದೊಳಗಿನ ನೀರು ಒಳಗೇ ಉಳಿಯಬೇಕಾದರೆ ಗೋಡೆ ಗಟ್ಟಿ ಇರಬೇಕು. ಚರ್ಮದ ಮೇಲ್ಪದರವನ್ನು ಚಿರೇಕಲ್ಲಿನ ಗೋಡೆ ಅಂದುಕೊಳ್ಳಿ. ಜೀವಕೋಶಗಳು ಕಲ್ಲು, ನಡುವಿನ ಜಿಡ್ಡು ಗಾರೆ. ವಯಸ್ಸಾದಂತೆ ಗಾರೆ ತೆಳುವಾಗುತ್ತದೆ. ಹಳೇ ಕೋಶ ಉದುರಿ ಹೊಸದು ಮೇಲೆ ಬರಲು ಹರೆಯದಲ್ಲಿ 28 ದಿನ ಸಾಕು, ಮುಪ್ಪಿನಲ್ಲಿ ನಲವತ್ತು ದಿನವೂ ದಾಟುತ್ತದೆ. ಹಾಗಾಗಿ ಗೋಡೆಯ ರಿಪೇರಿಯೂ ತಡ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಹೊತ್ತು ಘಟ್ಟದ ಕಡೆಯಿಂದ ಒಣಗಾಳಿ ಬೀಸುತ್ತದಲ್ಲ, ಆಗ ಕಾಲು ಬೂದಿ ಹಚ್ಚಿದ ಹಾಗಾಗುತ್ತದೆ.

ಈ ಗಾರೆಯನ್ನು ನಾವೇ ದಿನಾ ತೊಳೆದು ಹಾಕುತ್ತೇವೆ. ಚರ್ಮ ಸ್ವಭಾವತಃ ಸ್ವಲ್ಪ ಹುಳಿ, ಅದರ ಪಿಎಚ್ (ಹುಳಿ, ಕ್ಷಾರದ ಅಳತೆ) 5ರ ಆಸುಪಾಸು. ಮಾಮೂಲಿ ಸೋಪಿನದ್ದು 9ರಿಂದ 10, ಅಂದರೆ ಕ್ಷಾರ, ಅದು ಜಿಡ್ಡನ್ನು ತೊಳೆದು ಒಯ್ಯುತ್ತದೆ. ನಾನು ಬೆಳೆದದ್ದು ಶಿರಸಿ ಕಡೆಯ ಮನೆಯಲ್ಲಿ. ಬಚ್ಚಲಿನ ಹಂಡೆಗೆ ಅಡಿಕೆ ಸಿಪ್ಪೆ, ಸೋಗೆ ಹಾಕಿ ಒಟ್ಟಿದ ಬೆಂಕಿ, ಹೊಗೆಯಾಡುವ ನೀರು, ಮಳೆಗಾಲದಲ್ಲಿ ಅದರ ಮುಂದೆ ಕೂತು ಮೈ ಕೆಂಪಗಾಗುವವರೆಗೆ ಹೊಯ್ದುಕೊಳ್ಳುವ ಸುಖ. ಅದನ್ನು ಬಿಡಿ ಅಂತ ಹೇಳುವಾಗ ನನಗೇ ಸಂಕಟವಾಗುತ್ತದೆ. ಆದರೂ ಹೇಳುತ್ತೇನೆ. ಉಗುರು ಬೆಚ್ಚಗಿನ ನೀರು, ಹತ್ತು ನಿಮಿಷ, ಸಾಕು. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ. ಕೈಕಾಲಿಗೆ, ಬೆನ್ನಿಗೆ ದಿನಾ ಬೇಡ. ಕಡಲೆಹಿಟ್ಟಾದರೂ ಉಜ್ಜಿ ತಿಕ್ಕುವಂತಿಲ್ಲ.

ಸ್ನಾನ ಮುಗಿದ ಮೇಲಿನ ಮೂರು ನಿಮಿಷ ಮುಖ್ಯ. ಟವೆಲನ್ನು ಒತ್ತಿ ನೀರು ಹೀರಿಸಿ, ತಿಕ್ಕಬೇಡಿ. ಮೈ ಇನ್ನೂ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ದುಬಾರಿಯದ್ದೇ ಬೇಕಿಲ್ಲ. ಗ್ಲಿಸರಿನ್ ಇರುವ, ಪರಿಮಳ ಇಲ್ಲದ ಯಾವುದಾದರೂ ಆಗುತ್ತದೆ. ತೆಂಗಿನೆಣ್ಣೆ ಹಚ್ಚಬಹುದಾ ಅಂತ ನೀವು ಕೇಳದಿದ್ದರೂ ಕೇಳುತ್ತೀರಿ ಅಂತ ಗೊತ್ತು. ಕೈಕಾಲಿಗೆ ಧಾರಾಳವಾಗಿ ಹಚ್ಚಿ, ಒಣಚರ್ಮಕ್ಕೆ ಒಳ್ಳೆಯದೇ. ಆದರೆ ಎಣ್ಣೆಯಲ್ಲಿ ನೀರಿಲ್ಲ, ಅದು ಇರುವ ನೀರನ್ನು ಮುಚ್ಚಿಡುತ್ತದೆ ಅಷ್ಟೆ. ಹಾಗಾಗಿ ಹಸಿ ಮೈಗೆ ಹಚ್ಚಿದರೆ ಲಾಭ. ಸ್ನಾನಕ್ಕೆ ಮೊದಲು ಎಣ್ಣೆ ಹಚ್ಚಿ ಆಮೇಲೆ ಸೋಪು ಹಾಕಿ ಪೂರ್ತಿ ತೊಳೆದರೆ ಎಣ್ಣೆ ಬಚ್ಚಲಿನ ಪಾಲು. ಮುಖಕ್ಕೆ ಮಾತ್ರ ತೆಂಗಿನೆಣ್ಣೆ ಬೇಡ, ಕೆಲವರಿಗೆ ಮೊಡವೆ ಏಳುತ್ತದೆ.

ಹಿಮ್ಮಡಿ ಒಡೆದಿದ್ದರೆ ನಮ್ಮ ಜಿಲ್ಲೆಯದ್ದೇ ಔಷಧಿ ಇದೆಯಲ್ಲ, ಮುರುಗಲು ತುಪ್ಪ, ಅಂದರೆ ಕೋಕಂ ಬೀಜದ ಗಟ್ಟಿ ಎಣ್ಣೆ. ನನ್ನ ಅಜ್ಜಿ ಅದರ ಗಟ್ಟಿ ಉಂಡೆಯನ್ನು ಕರಟದಲ್ಲಿಟ್ಟು ಅಟ್ಟದ ಮೇಲೆ ಕಾಪಾಡುತ್ತಿದ್ದರು. ರಾತ್ರಿ ಮಲಗುವ ಮುಂಚೆ ಚಿಮಣಿ ದೀಪದ ಮೇಲೆ ಹಿಡಿದು, ಅಂಚು ಕರಗಿ ಮಿನುಗುತ್ತಿದ್ದಂತೆ ಹಿಮ್ಮಡಿಯ ಬಿರುಕಿಗೆ ಮೇಣದ ಹಾಗೆ ಎಳೆಯುತ್ತಿದ್ದರು. ಅದು ಕರಗುವುದು ಸುಮಾರು 40 ಡಿಗ್ರಿಗೆ. ಹಾಗಾಗಿ ಮೈಬಿಸಿಗೆ ಮೆತ್ತಗಾಗಿ ಬಿರುಕಿನಲ್ಲೇ ಕೂರುತ್ತದೆ, ಎಣ್ಣೆಯಂತೆ ಹರಿದು ಹೋಗುವುದಿಲ್ಲ. ಅಜ್ಜಿಗೆ ಕಾರಣ ಗೊತ್ತಿರಲಿಲ್ಲ, ವಿಧಾನ ಸರಿಯಾಗಿತ್ತು. ನಾನು ಅದಕ್ಕೆ ಸೇರಿಸುವುದು ಇಷ್ಟೇ: ಮೊದಲು ಕಾಲನ್ನು ಹತ್ತು ನಿಮಿಷ ನೀರಲ್ಲಿಡಿ, ತುಪ್ಪ ಹಚ್ಚಿದ ಮೇಲೆ ಹತ್ತಿಯ ಕಾಲುಚೀಲ ಹಾಕಿ. ತುಂಬ ದಪ್ಪ ಚರ್ಮವಾದರೆ ಯೂರಿಯಾ ಇರುವ ಕ್ರೀಮ್ ಬೇಕಾಗುತ್ತದೆ. ಬೆರಳ ಸಂದಿಗೆ ಮಾತ್ರ ಎಣ್ಣೆ ತುಪ್ಪ ಏನೂ ಬೇಡ, ಮಳೆಗಾಲದಲ್ಲಂತೂ ಅಲ್ಲಿ ಒಣಗಿರುವುದೇ ಔಷಧಿ. ಸಕ್ಕರೆ ಕಾಯಿಲೆ ಇದ್ದರೆ ಬಿರುಕನ್ನು ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ.

ಇಷ್ಟು ಮಾಡಿಯೂ ಮೂರು ನಾಲ್ಕು ವಾರದಲ್ಲಿ ತುರಿಕೆ ಇಳಿಯದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್, ಸಕ್ಕರೆ, ಕಿಡ್ನಿ, ಲಿವರ್, ಕಬ್ಬಿಣದ ಕೊರತೆ ಇವುಗಳಿಂದಲೂ ಮೈ ತುರಿಸುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೂ ರಾತ್ರಿ ಹೊತ್ತು ಜೋರು ತುರಿಕೆ ಇದ್ದರೆ ಅದು ವಯಸ್ಸಲ್ಲ, ಕಜ್ಜಿ.

ಬಿಳಿ ಚುಕ್ಕೆಗೆ ಬರೋಣ. ನೀವು ಕಳಿಸಿದ ಫೋಟೋ ನೋಡಿದೆ. ರವೆಕಾಳಿನಿಂದ ಹೆಸರುಕಾಳಿನಷ್ಟು ಗಾತ್ರ, ಅಂಚು ಸ್ಪಷ್ಟ, ಮೊಣಕಾಲ ಕೆಳಗೆ ಮುಂಭಾಗದಲ್ಲೇ ಹರಡಿವೆ, ಒಂದಕ್ಕೊಂದು ಕೂಡಿಲ್ಲ. ಇದು ತೊನ್ನಿನ ಹಾಗೆ ಕಾಣುವುದಿಲ್ಲ. ನಲವತ್ತು ದಾಟಿದ ಎಷ್ಟೋ ಜನರ ಕಾಲಲ್ಲಿ, ಮುಂಗೈಯಲ್ಲಿ ಇಂಥ ಚುಕ್ಕೆ ಇರುತ್ತದೆ. ವಯಸ್ಸು ಮತ್ತು ಬಿಸಿಲಿನಿಂದ ಅಲ್ಲಿನ ಬಣ್ಣದ ಕೋಶಗಳು ದಣಿದಿರುತ್ತವೆ. ಅಂಟುವುದಿಲ್ಲ, ಮದ್ದೂ ಬೇಕಿಲ್ಲ. ತೊನ್ನಾದರೆ ಮಚ್ಚೆ ದೊಡ್ಡದಾಗುತ್ತಾ ಒಂದಕ್ಕೊಂದು ಸೇರುತ್ತದೆ, ತುಟಿ, ಕಣ್ಣಿನ ಸುತ್ತ, ಬೆರಳ ತುದಿಗೆ ಬರುತ್ತದೆ, ಅಲ್ಲಿನ ಕೂದಲೂ ಬೆಳ್ಳಗಾಗಬಹುದು. ತೊನ್ನೂ ಅಂಟುರೋಗವಲ್ಲ ಅನ್ನುವುದನ್ನು ನಿಮ್ಮ ಶಾಲೆಯಲ್ಲಿ ಆಗಾಗ ಹೇಳುತ್ತಿರಿ. ಇನ್ನೊಂದು ಪರೀಕ್ಷೆ ಯಾರಾದರೂ ಮಾಡಬಹುದು. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯನ್ನು ಚುಕ್ಕೆಯ ಮೇಲೆ ಆಡಿಸಿ. ಮಾಸಲು ಬಣ್ಣದ ಮಚ್ಚೆಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಕುಷ್ಠ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಉಚಿತವಾಗಿ ಮಾತ್ರೆ ಕೊಡುತ್ತಾರೆ, ಪೂರ್ತಿ ಗುಣವಾಗುತ್ತದೆ.

ಕೆನ್ನೆಯ ಕಪ್ಪು ಗುಳ್ಳೆಗಳೂ ಹಾನಿ ಮಾಡುವವಲ್ಲ. ನಿಮ್ಮ ಆಯಿಗೋ ಮಾವಂದಿರಿಗೋ ಇರಬಹುದು ನೋಡಿ, ವಂಶದಲ್ಲಿ ಬರುತ್ತವೆ. ಬೇಡ ಅನಿಸಿದರೆ ಕರೆಂಟಿನ ಸೂಜಿಯಿಂದ ಸುಟ್ಟು ತೆಗೆಯಬಹುದು, ಕೆಲವು ನಿಮಿಷದ ಕೆಲಸ. ಆದರೆ ಗೇರುಬೀಜದ ಸೋನೆ, ಸುಣ್ಣ ಹಚ್ಚಿ ತೆಗೆಯುವ ಮನೆಮದ್ದು ಬೇಡವೇ ಬೇಡ. ಗುಳ್ಳೆ ಹೋಗಿ ಸುಟ್ಟ ಕಲೆ ಉಳಿದವರನ್ನು ಪ್ರತಿ ಏಪ್ರಿಲ್ ಮೇ ತಿಂಗಳಲ್ಲಿ ನೋಡುತ್ತೇನೆ. ನಿಂಬೆರಸವೂ ಹಾಗೆಯೇ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಏಳುತ್ತದೆ.

ಈಗ ಆ ಕ್ರೀಮು. ಟ್ಯೂಬಿನ ಹಿಂದೆ ಸಣ್ಣ ಅಕ್ಷರ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಫ್ಲೂಸಿನೋಲೋನ್, ಈ ಪೈಕಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್. ಇಂಥದ್ದರ ಜೊತೆ ಬಣ್ಣ ತಿಳಿಗೊಳಿಸುವ ಹೈಡ್ರೋಕ್ವಿನೋನ್ ಮತ್ತು ಟ್ರೆಟಿನಾಯಿನ್ ಬೆರೆಸಿದ ಮೂರು ಮದ್ದಿನ ಕ್ರೀಮನ್ನು ಬಂಗಿಗೆ ನಾವೂ ಬರೆಯುತ್ತೇವೆ. ಬರೆಯುವುದು ಕೆಲವು ವಾರಕ್ಕೆ, ತಿಂಗಳುಗಟ್ಟಲೆಗೆ ಅಲ್ಲ. ಎಂಟು ತಿಂಗಳು ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನರ ಕಾಣುತ್ತದೆ, ಬಿಸಿಲು ತಾಗಿದರೆ ಉರಿ. ನಿಮಗಾಗಿದ್ದು ಇದೇ ಇರಬೇಕು. ಮುಪ್ಪು ಹತ್ತು ವರ್ಷದಲ್ಲಿ ಮಾಡುವ ಕೆಲಸವನ್ನು ಈ ಟ್ಯೂಬು ಒಂದು ವರ್ಷದಲ್ಲಿ ಮಾಡುತ್ತದೆ. ಸಿಟ್ಟು ಬರುವುದು ಹಚ್ಚಿದವರ ಮೇಲಲ್ಲ. ಚೀಟಿ ಇಲ್ಲದೆ ಕೊಡಬಾರದ ಮದ್ದು ಪೌಡರ್ ಡಬ್ಬಿಯ ಪಕ್ಕ ಸಿಗುತ್ತದಲ್ಲ, ಅದರ ಮೇಲೆ. ಟ್ಯೂಬಿನ ಮೇಲೆ ಏನೂ ಬರೆದಿಲ್ಲ, ಯಾರೋ ಡಬ್ಬಿಗೆ ತುಂಬಿ ಕೊಟ್ಟದ್ದು ಅಂತಾದರೆ ಇನ್ನೂ ಹುಷಾರು. ಕೆಲವು ಬಿಳಿ ಮಾಡುವ ಕ್ರೀಮುಗಳಲ್ಲಿ ಪಾದರಸ ಇರುತ್ತದೆ, ಅದು ಕಿಡ್ನಿಗೆ ಪೆಟ್ಟು ಕೊಡುತ್ತದೆ. ಅಂಥದ್ದನ್ನು ಇವತ್ತೇ ಬಿಡಿ. ಸ್ಟೀರಾಯ್ಡ್ ಕ್ರೀಮನ್ನು ದಿಢೀರಂತ ನಿಲ್ಲಿಸಿದರೆ ಮಾತ್ರ ಕೆಲವರಿಗೆ ಮುಖ ಕೆಂಪಗೆ ಊದಿಕೊಳ್ಳುತ್ತದೆ. ಡಾಕ್ಟರನ್ನು ಕಂಡು ಇಳಿಸುತ್ತಾ ಬನ್ನಿ. ಸರಿಯಾಗಲು ತಿಂಗಳುಗಳೇ ಬೇಕು, ಆದರೆ ಉರಿ ಇಳಿಯುತ್ತದೆ.

ಅಷ್ಟು ದಿನ ಮಗಳು ಕಳಿಸಿದ ಐದೂ ಬಾಟಲಿ ಕಪಾಟಿನಲ್ಲಿರಲಿ. ಮುಖ ತಣ್ಣಗಾದ ಮೇಲೆ ಅದರಲ್ಲಿ ಒಂದನ್ನು ತೆಗೆಯಬಹುದು, ರೆಟಿನಾಲ್ ಅಂತ ಬರೆದಿರುವುದು. ಸುಕ್ಕಿನ ಮೇಲೆ ನಿಜಕ್ಕೂ ಕೆಲಸ ಮಾಡುತ್ತವೆ ಅಂತ ಸಾಬೀತಾಗಿರುವ ಕೆಲವೇ ಮದ್ದುಗಳಲ್ಲಿ ಆ ಜಾತಿಯದ್ದು ಒಂದು. ಅದರ ಅಣ್ಣ ಟ್ರೆಟಿನಾಯಿನ್ ಮೊಡವೆಯ ಔಷಧಿಯಾಗಿತ್ತು, ಹಚ್ಚಿದವರ ಸುಕ್ಕೂ ಕಡಿಮೆಯಾಗುವುದನ್ನು ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಜೊತೆಗಾರರು 1986ರಲ್ಲಿ ಬರೆದರು. ಬಟಾಣಿಕಾಳಿನಷ್ಟು, ರಾತ್ರಿ ಮಾತ್ರ, ಮೊದಲಿಗೆ ವಾರಕ್ಕೆ ಎರಡು ದಿನ. ಫಲ ಕಾಣಲು ಮೂರರಿಂದ ಆರು ತಿಂಗಳು. ಮಗಳು ತಾನೂ ಹಚ್ಚುತ್ತಿದ್ದರೆ, ಬಸುರಿಯಾಗುವ ಯೋಚನೆ ಇರುವಾಗ ನಿಲ್ಲಿಸಲು ಹೇಳಿ. ಉಳಿದ ನಾಲ್ಕು ಬಾಟಲಿಯಿಂದ ನಷ್ಟವಾಗಿದ್ದು ಹೆಚ್ಚಾಗಿ ಮಗಳ ಪರ್ಸಿಗೆ. ಕೊಲಾಜೆನ್ ಪುಡಿಗೂ ಅದೇ ಮಾತು, ಹೊಟ್ಟೆಯಲ್ಲಿ ಅದು ಬೇರೆ ಪ್ರೋಟೀನಿನಂತೆಯೇ ಕರಗುತ್ತದೆ. ಅದೇ ದುಡ್ಡಿಗೆ ಎಷ್ಟು ಬಂಗಡೆ ಬರುತ್ತದೆ ಲೆಕ್ಕ ಹಾಕಿ.

ಬಂಗು ಇರುವವರು ಬೇರೆ ಏನು ಬಿಟ್ಟರೂ ಬಿಸಿಲಿನ ಕಾವಲು ಬಿಡುವಂತಿಲ್ಲ. ಮಾರ್ಚ್‌ನಿಂದ ಮೇವರೆಗೆ ನಮ್ಮ ಕರಾವಳಿಯ ನಡುಹಗಲಿನಲ್ಲಿ ಯುವಿ ಸೂಚ್ಯಂಕ 11 ದಾಟುತ್ತದೆ, ಅದು ಅಪಾಯದ ಕೊನೆಯ ಮೆಟ್ಟಿಲು. ಕಡಲ ದಂಡೆಯಲ್ಲಿ ಕಿರಣ ಮೇಲಿಂದಷ್ಟೇ ಬರುವುದಿಲ್ಲ. ಒಣ ಮರಳು ಸುಮಾರು 15%, ಅಲೆಯ ನೊರೆ ಸುಮಾರು 25% ವಾಪಸ್ ಎಸೆಯುತ್ತದೆ. ಟೋಪಿ ಹಾಕಿದವರಿಗೂ ಗಲ್ಲದ ಕೆಳಗೆ ಕಪ್ಪಾಗುವುದು ಅದಕ್ಕೇ. ನಮ್ಮ ಕಂದುಬಣ್ಣ ಸ್ವಲ್ಪ ಕಾಪಾಡುತ್ತದೆ ನಿಜ, ಬಿಳಿಯರಿಗಿಂತ ನಮಗೆ ಸುಕ್ಕು ತಡ. ಆದರೆ ಬಂಗು, ಕಲೆ ಬೇಗ.

ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನ್ ಡಬ್ಬಿಯ ಮೇಲೆ ಎಸ್‌ಪಿಎಫ್ 30 ಅಂತಿದ್ದರೆ ಸಾಕು, ಅದು ಯುವಿ-ಬಿಯನ್ನು 97% ತಡೆಯುತ್ತದೆ. 50 ಆದರೆ 98%. ಪಿಎ ಮುಂದೆ ಮೂರು ಪ್ಲಸ್ ಇರಲಿ, ಅದು ಯುವಿ-ಎ ಲೆಕ್ಕ. ಬಂಗಿಗೆ ಮೈಬಣ್ಣ ಬೆರೆಸಿದ ಟಿಂಟೆಡ್ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಬಂಗನ್ನು ಆ ಬೆಳಕೂ ಕೆರಳಿಸುತ್ತದೆ. ಜನ ತಪ್ಪುವುದು ಅಳತೆಯಲ್ಲಿ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಮುಖ ಕುತ್ತಿಗೆಗೆ ಬೇಕು. ಕುಂಕುಮದ ಹಾಗೆ ಚಿಟಿಕೆ ಹಚ್ಚಿದರೆ ಡಬ್ಬಿಯ ಮೇಲಿನ ಅಂಕಿಗೆ ಅರ್ಥವಿಲ್ಲ. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಲ್ಲಿ 900ಕ್ಕೂ ಹೆಚ್ಚು ಜನರನ್ನು ನಾಲ್ಕೂವರೆ ವರ್ಷ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ಹಚ್ಚಿದವರ ಚರ್ಮ ಮುಪ್ಪಾಗಿದ್ದು 24% ಕಡಿಮೆ. ಅವರು ಬಿಳಿಯರು, ನಮಗೆ ಅದೇ ಅಂಕಿ ಅನ್ವಯಿಸಬೇಕೆಂದಿಲ್ಲ. ಹಾಗಂತ ಎಲ್ಲವೂ ಡಬ್ಬಿಯಿಂದ ಬರಬೇಕಾಗಿಲ್ಲ. ಸ್ಕೂಟಿಗೆ ಉದ್ದ ತೋಳಿನ ಹತ್ತಿ ಅಂಗಿ, ಕೈಗವಸು, ಹೆಲ್ಮೆಟ್ಟಿನ ಗಾಜು ಇಳಿಸಿ. ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸುವಾಗ ನೀವೂ ಅವರೂ ನೆರಳಿನ ಕಡೆ ನಿಲ್ಲಿ.

ಆಯಿಯ ಕೈಯ ನೀಲಿಗೆ ಹೆಸರು ಬೇಡ, ಕಾರಣ ಸಾಕು. ರಕ್ತನಾಳದ ಸುತ್ತ ಆಸರೆಯಾಗಿದ್ದ ಕೊಲಾಜೆನ್ ಸವೆದಿದೆ, ಸ್ವಲ್ಪ ಒತ್ತಿದರೂ ನಾಳ ಒಡೆಯುತ್ತದೆ. ಎರಡು ಮೂರು ವಾರದಲ್ಲಿ ಮಾಯುತ್ತದೆ. ಹೃದಯಕ್ಕೆ ಆಸ್ಪಿರಿನ್ ತಗೊಳ್ಳುತ್ತಿದ್ದರೆ ಜಾಸ್ತಿ ಆಗುತ್ತದೆ, ಆದರೆ ನೀವಾಗೇ ಅದನ್ನು ನಿಲ್ಲಿಸಬೇಡಿ. ಎಬ್ಬಿಸುವಾಗ ಮಣಿಕಟ್ಟು ಹಿಡಿದು ಎಳೆಯಬಾರದು. ಬೆನ್ನ ಹಿಂದೆ ಒಂದು ಕೈ, ಕಂಕುಳ ಕೆಳಗೆ ಒಂದು ಕೈ. ಗಾಜಿನ ಬಳೆ ಒಂದೆರಡು ಸಾಕು, ಅದೂ ತೋಳಿಗೆ ಮೆತ್ತಗಿನ ಬಟ್ಟೆ ಹಾಕಿ. ಚರ್ಮ ಕಿತ್ತು ಬಂದರೆ ಆ ಸಿಪ್ಪೆಯನ್ನು ಕತ್ತರಿಸಿ ಎಸೆಯಬೇಡಿ, ಅದೇ ಒಳ್ಳೆಯ ಪಟ್ಟಿ. ಶುದ್ಧ ನೀರಿನಲ್ಲಿ ತೊಳೆದು, ಒದ್ದೆ ಹತ್ತಿಯಿಂದ ಮೆಲ್ಲಗೆ ಹಿಂದಕ್ಕೆ ಹಾಸಿ, ಗಾಯಕ್ಕೆ ಅಂಟದ ಗಾಜ್ ಬಟ್ಟೆ ಇಟ್ಟು ಸಡಿಲವಾಗಿ ಸುತ್ತಿ. ಅಂಟುಪಟ್ಟಿ ನೇರ ಹಚ್ಚಿದರೆ ತೆಗೆಯುವಾಗ ಇನ್ನಷ್ಟು ಕೀಳುತ್ತದೆ. ಅರಿಶಿನ, ಕಾಫಿಪುಡಿ ಬೇಡ. ಬೆಳಿಗ್ಗೆ ಸಂಜೆ ಎರಡು ಹೊತ್ತು ಮಾಯಿಶ್ಚರೈಸರ್ ಹಚ್ಚಿದರೆ ಹೀಗೆ ಕೀಳುವುದು ಕಡಿಮೆಯಾಗುತ್ತದೆ. ಈ ವಯಸ್ಸಿನವರು ಬರೀ ಗಂಜಿ ಉಪ್ಪಿನಕಾಯಿಯಲ್ಲಿ ದಿನ ಕಳೆಯುತ್ತಾರೆ, ಅದಕ್ಕೆ ಹೆಸರುಕಾಳು, ಮೊಸರು ಸೇರಲಿ.

ಡಾಕ್ಟರ ಹತ್ತಿರ ಹೋಗುವಾಗ ಆ ಖಾಲಿ ಟ್ಯೂಬು, ಆಯಿ ತಗೊಳ್ಳುವ ಮಾತ್ರೆಗಳ ಚೀಟಿ ಎರಡೂ ಒಯ್ಯಿರಿ. ಮುಖಕ್ಕೆ ಪೌಡರ್ ಹಚ್ಚಿಕೊಂಡು ಹೋಗಬೇಡಿ. ಆಯಿಯ ಕಾಲು ತೊಳೆದು, ಎಣ್ಣೆ ಹಚ್ಚದೆ ಕರೆದುಕೊಂಡು ಹೋಗಿ, ಕಲೆ ಸರಿಯಾಗಿ ಕಾಣಬೇಕು.